ಅಟ್ಟಕ್ಕೆ ಹಾಕಿದ್ವಿ

ಸರ್ಕಾರಿ ಕಾಗದದಲ್ಲಿ ನನ್ನ ಕೆಲಸದ ಹೆಸರು ಗೃಹಮಾತೆ ಅಂತ. ಮೊದಲ ಸಲ ಕೇಳಿದಾಗ ನಗು ಬಂದಿತ್ತು, ಈಗಲೂ ಬರುತ್ತದೆ. ಮಾತೆಯೂ ಇಲ್ಲ, ಗೀತೆಯೂ ಇಲ್ಲ. ಬೆಳಿಗ್ಗೆ ಹುಡುಗಿಯರನ್ನು ಎಬ್ಬಿಸುವುದು, ತಲೆಯಲ್ಲಿ ಹೇನು ನೋಡುವುದು, ಮುದ್ದೆ ಬೇಡ ಅನ್ನುವವಳಿಗೆ ಗದರಿ ಉಣ್ಣಿಸುವುದು, ಬಕೆಟ್ಟಿಗಾಗಿ ಜಡೆ ಹಿಡಿದುಕೊಂಡು ಜಗಳಕ್ಕೆ ಬಿದ್ದವರನ್ನು ಬಿಡಿಸುವುದು, ಇಷ್ಟೇ ನನ್ನ ಕೆಲಸ. ತಿಪಟೂರಿನ ಹೊರಗೆ, ತೆಂಗಿನ ತೋಟಗಳ ನಡುವೆ ಇರುವ ಬಾಲಕಿಯರ ಮನೆ ನಮ್ಮದು. ಮನೆ ಬಿಟ್ಟು ಬಂದವರು, ಮನೆಯವರಿಗೇ ಬೇಡವಾದವರು, ಚಿಕ್ಕ ವಯಸ್ಸಿಗೆ ತಾಳಿ ಕಟ್ಟಿಸಲು ಹೊರಟಾಗ ಯಾರೋ ಪುಣ್ಯಾತ್ಮರು ಫೋನ್ ಮಾಡಿ ತಪ್ಪಿಸಿದವರು, ಕೈ ಕುಯ್ದುಕೊಂಡವರು, ಒಬ್ಬೊಬ್ಬರದು ಒಂದೊಂದು ಕಥೆ. ಹದಿನೆಂಟು ತುಂಬುವ ತನಕ ನಮ್ಮಲ್ಲಿ ಇರಬಹುದು. ಅಷ್ಟರೊಳಗೆ ಮನೆಯ ಪರಿಸ್ಥಿತಿ ಸರಿಹೋಗಿದೆ ಅನ್ನಿಸಿದರೆ ಮನೆಗೆ ಕಳಿಸುತ್ತಾರೆ.

ನನ್ನ ಬಾಯಿ ಜೋರು. ಹುಡುಗಿಯರು ಹಿಂದಿನಿಂದ ನನ್ನನ್ನು ಮೈಕು ಅಂತಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಇಷ್ಟು ವರ್ಷದಲ್ಲಿ ನೋಡಬಾರದ್ದನ್ನು ನೋಡಿ, ಕೇಳಬಾರದ್ದನ್ನು ಕೇಳಿ, ಇನ್ನು ಯಾವುದಕ್ಕೂ ನಾನು ಬೆಚ್ಚುವುದಿಲ್ಲ ಅಂತ ಧೈರ್ಯವಾಗಿದ್ದೆ. ಕೊನೆಗೆ ಬೆಚ್ಚಿಬೀಳಿಸಿದ್ದು ಒಂದು ಮಾತು. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ, ನಾನೇ ಸಾವಿರ ಸಲ ಆಡಿದ ಮಾತು.

ನಮ್ಮ ಕಡೆ ಅಟ್ಟ ಇಲ್ಲದ ತೋಟದ ಮನೆ ಇಲ್ಲ. ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಅಟ್ಟದ ನೆಲಕ್ಕೆ ಹಲಗೆ ಹೊಡೆಯುವುದಿಲ್ಲ, ಸೀಳಿದ ಬಿದಿರ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸಿರುತ್ತೇವೆ, ಕೆಳಗಿನಿಂದ ಗಾಳಿ ಆಡಬೇಕಲ್ಲ. ಅಲ್ಲಿ ಕಾಯಿ ಹೆಚ್ಚೂಕಡಿಮೆ ಒಂದು ವರ್ಷ ಬಿದ್ದಿರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆಗ ಅದು ಕೊಬ್ಬರಿ. ಯಾರೂ ಏನೂ ಮಾಡಬೇಕಾಗಿಲ್ಲ, ಹಾಕಿ ಸುಮ್ಮನಿರಬೇಕು ಅಷ್ಟೆ.

ಹಾಗಾಗಿ ಕಾಯುವುದಕ್ಕೆ, ಕಾಯಿಸುವುದಕ್ಕೆ ಎಲ್ಲಕ್ಕೂ ನಮ್ಮಲ್ಲಿ ಅದೇ ಮಾತು. ಕೊಟ್ಟ ಅರ್ಜಿ ಮುಂದಕ್ಕೆ ಹೋಗದಿದ್ದರೆ ಅಟ್ಟಕ್ಕೆ ಹಾಕವ್ರೆ ಅಂತೀವಿ. ಮಗಳಿಗೆ ಗಂಡು ನೋಡುತ್ತಿದ್ದೀರಾ ಅಂತ ಯಾರಾದರೂ ಕೇಳಿದರೆ, ಓದು ಮುಗೀಲಿ ಬುಡಿ, ಸದ್ಯಕ್ಕೆ ಅಟ್ಟಕ್ಕೆ ಹಾಕಿದೀವಿ ಅಂತೀವಿ. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ನನ್ನ ತಮ್ಮನನ್ನು ತೋರಿಸಿ ನಮ್ಮಪ್ಪ, ಇವನ್ನ ಒಂದ್ ವರ್ಷ ಅಟ್ಟಕ್ಕೆ ಹಾಕಿದೀನಿ, ಬುದ್ಧಿ ಬಲೀಲಿ ಅಂತ, ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ತಮ್ಮನೂ ಹಲ್ಲು ಕಿರಿಯುತ್ತಿದ್ದ. ಅವನು ಆ ವರ್ಷವೆಲ್ಲ ಕೆರೆ ಏರಿ ಮೇಲೆ ಕ್ರಿಕೆಟ್ ಆಡಿಕೊಂಡಿದ್ದ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿಗೆ ಬಂದಾಗ ಅವಳಿಗೆ ಹದಿನಾರು. ತಿಪಟೂರು ಸ್ಟೇಷನ್ನಿನಲ್ಲಿ ಒಬ್ಬಳೇ ಕೂತಿದ್ದಳಂತೆ. ರೈಲು ಬಂದರೆ ಹತ್ತುವುದಿಲ್ಲ, ಹೋದರೆ ಏಳುವುದಿಲ್ಲ. ಪೊಲೀಸರು ವಿಚಾರಿಸಿದರೆ ಊರಿನ ಹೆಸರು, ಅಪ್ಪನ ಹೆಸರು ಹೇಳಿದಳು, ಮನೆಗೆ ಬಿಡುತ್ತೇವೆ ಅಂದಾಗ ಕಂಬ ತಬ್ಬಿಕೊಂಡಳು. ಇಂಥ ಮಕ್ಕಳನ್ನು ಎಲ್ಲಿ ಇಡಬೇಕು, ಯಾವಾಗ ಮನೆಗೆ ಕಳಿಸಬೇಕು ಅಂತ ತೀರ್ಮಾನಿಸುವ ಒಂದು ಸಮಿತಿ ಇದೆ. ಆ ಸಮಿತಿಯವರು ಅವಳನ್ನು ನಮ್ಮಲ್ಲಿ ಬಿಟ್ಟರು.

ತೋಟದ ಮನೆ ಹುಡುಗಿಗೆ ಇಷ್ಟು ಬಿಳಿಚಿದ ಮೈಬಣ್ಣವೇ ಅಂತ ನನಗೆ ಮೊದಲ ದಿನವೇ ಅನ್ನಿಸಿತ್ತು. ಬಿಸಿಲಿಗೆ ಬಂದರೆ ಕಣ್ಣು ಕಿರಿದು ಮಾಡುತ್ತಿದ್ದಳು. ಆದರೂ ಒಳಗೆ ಕೂರುತ್ತಿರಲಿಲ್ಲ. ಹೊತ್ತು ಸಿಕ್ಕಿದರೆ ಸಾಕು, ನಮ್ಮ ಕಾಂಪೌಂಡಿನ ಒಳಗೆ ಗೋಡೆ ಸುತ್ತ ನಡೆಯುತ್ತಿದ್ದಳು. ದೇವಸ್ಥಾನ ಸುತ್ತೋರು ಕೂಡ ಇಷ್ಟು ಸುತ್ತಲ್ಲ ಕಣೇ ಅಂದರೆ ತಲೆ ತಗ್ಗಿಸಿ ಇನ್ನೊಂದು ಸುತ್ತು ಹೋಗುತ್ತಿದ್ದಳು. ಬಂದ ಹೊಸದರಲ್ಲಿ ಎಲ್ಲ ಹುಡುಗಿಯರೂ ಅಳುತ್ತಾರೆ, ಇವಳು ಅಳಲಿಲ್ಲ. ಗಟ್ಟಿ ಹುಡುಗಿ, ಬೇಗ ಸರಿಹೋಗುತ್ತಾಳೆ ಅಂತ ಆಪ್ತಸಲಹೆ ಮಾಡಲು ಬರುವ ಮೇಡಂ ಮೆಚ್ಚಿಕೊಂಡರು.

ಯಾರೋ ದಾನಿಗಳು ಒಂದರ ಮೇಲೊಂದು ಇರುವ ಕಬ್ಬಿಣದ ಮಂಚಗಳನ್ನು ಕೊಟ್ಟರು. ಮೇಲಿನದಕ್ಕೆ ಹುಡುಗಿಯರಲ್ಲಿ ನಾನು ನೀನು ಅಂತ ಹೊಡೆದಾಟ. ಜಗಳ ಬೇಡ ಅಂತ ನಾನೇ ಹಂಚಿದೆ. ನೀನು ಆ ಮೂಲೆ ಮಂಚದಲ್ಲಿ ಅಟ್ಟಕ್ಕೆ ಹತ್ತು ಕಣೇ ಅಂತ ಈ ಹುಡುಗಿಗೆ ಹೇಳಿದೆ. ಅವಳು ಹಾಸಿಗೆ ಸುತ್ತಿಕೊಂಡು ಜಗುಲಿಗೆ ಹೋಗಿ ಕೂತಳು. ಬೈದೆ, ಜಪ್ಪಯ್ಯ ಅನ್ನಲಿಲ್ಲ. ಫ್ಯಾನ್ ರಿಪೇರಿಗೆ ಬಂದವನು ಏಣಿ ಹಾಕಿ ಮೇಲೆ ಹತ್ತಿದಾಗ ಅವಳು ಎಲ್ಲಿದ್ದಳೋ, ಓಡಿಬಂದು ಏಣಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಅವನು ಕೆಲಸ ಮುಗಿಸಿ ಇಳಿದು ನೆಲಕ್ಕೆ ಕಾಲಿಡುವ ತನಕ ಬಿಡಲಿಲ್ಲ. ಬೀಳಲ್ಲ ಬಿಡಮ್ಮ ಅಂತ ಅವನು ನಕ್ಕ. ಪಾಪ, ಒಳ್ಳೇ ಮನಸ್ಸು ಅಂದುಕೊಂಡು ನಾನು ಅಡುಗೆಮನೆಗೆ ಹೋದೆ.

ಅವಳ ಅಪ್ಪ ತಪ್ಪದೆ ಬರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಚೀಲ. ಮಗಳಿಗೆ ಒಬ್ಬಳಿಗೇ ಅಂತ ಏನನ್ನೂ ತರುತ್ತಿರಲಿಲ್ಲ, ಎಲ್ಲ ಹುಡುಗಿಯರಿಗೂ ಆಗುವಷ್ಟು ಎಳನೀರು, ಕೊಬ್ಬರಿ ಮಿಠಾಯಿ. ಕುಡಿದು ಬಂದು ಗೇಟು ಒದೆಯುವ ಅಪ್ಪಂದಿರನ್ನು ನೋಡಿ ಸಾಕಾಗಿದ್ದ ನಮಗೆ ಇವನು ದೇವರಂತೆ ಕಂಡ. ಮಗಳ ಎದುರು ಕೂತು, ಊಟ ಮಾಡಿದೆಯಾ, ನಿದ್ದೆ ಬತ್ತದಾ ಅಂತ ಮೆಲ್ಲಗೆ ಕೇಳುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು.

ಒಂದು ಸಲ ಸಮಿತಿಯವರು ನಮ್ಮಲ್ಲಿಗೇ ಬಂದು ಹುಡುಗಿಯರ ಮನೆಯವರನ್ನು ಕರೆಸಿಕೊಂಡರು. ಅಧ್ಯಕ್ಷರು ವಯಸ್ಸಾದ ಮೇಷ್ಟ್ರು, ತುರುವೇಕೆರೆ ಕಡೆಯ ತೋಟದ ಮನೆಯವರು, ಒಳ್ಳೆಯವರು. ಇನ್ನೊಬ್ಬ ಸದಸ್ಯೆ ವಕೀಲೆ. ನಮ್ಮ ಮೇಲ್ವಿಚಾರಕಿ ಮೇಡಂ, ಆಪ್ತಸಲಹೆಯ ಮೇಡಂ, ನಾನು, ಎಲ್ಲ ಇದ್ದೆವು. ಹುಡುಗಿ ಗೋಡೆ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ಏನಾಯಿತು ಅಂತ ನೀವೇ ಹೇಳಿ ಅಂತ ಅಧ್ಯಕ್ಷರು ಅವಳ ಅಪ್ಪನಿಗೆ ಹೇಳಿದರು.

ಅವನು ಎದ್ದು ನಿಂತ. "ನಾವು ಹೊಡಿಯೋರಲ್ಲ, ಬಡಿಯೋರಲ್ಲ ಸಾ. ಬೇಕಾರೆ ಅವಳ್ನೇ ಕೇಳಿ. ಕಾಲೇಜಿಗೆ ಹೋದ್ಮ್ಯಾಲೆ ಫೋನಿನ ಚಾಳಿ ಹತ್ಕಂತು. ಯಾವನೋ ಹುಡುಗನ್ ಜೊತೆ ಮಾತು. ಕೇಳಿದ್ದಕ್ಕೆ ಒಂದಿನ ಬಸ್ ಹತ್ಕಂಡು ಹೊಂಟೋಗಿದ್ಲು. ಕರ್ಕಂಬಂದು, ಬುದ್ಧಿ ಬಲೀಲಿ ಅಂತ ಅಟ್ಟಕ್ಕೆ ಹಾಕಿದ್ವಿ. ಇನ್ನೇನು ನೀರು ಇಂಗ್ತು ಅನ್ನೋ ಹೊತ್ಗೆ ಮತ್ತೆ ಹಿಂಗ್ ಮಾಡ್ಕಂಡ್ಳು."

ಅಧ್ಯಕ್ಷರು ಕನ್ನಡಕ ತೆಗೆದು ನಕ್ಕರು. "ಕಾಯಿ ಇನ್ನೂ ಹಸೀದಿತ್ತು ಕಣಪ್ಪ. ಬೇಗ ಇಳಿಸ್ಬಿಟ್ಟಿದೀಯ."

ಎಲ್ಲರೂ ನಕ್ಕೆವು. ವಕೀಲೆ ನಕ್ಕರು, ನಮ್ಮ ಮೇಡಂ ಬಾಯಿಗೆ ಸೆರಗು ಹಿಡಿದು ನಕ್ಕರು, ನಾನಂತೂ ಜೋರಾಗಿಯೇ ನಕ್ಕೆ. ಅವನೂ ಸ್ವಲ್ಪ ತಡವರಿಸಿ ಹೌದು ಸಾ ಅಂತ ನಕ್ಕ. ಹುಡುಗಿ ಮಾತ್ರ ನಗುತ್ತಿದ್ದ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡುತ್ತಿದ್ದಳು. ಮನೆಗೆ ಹೋಗ್ತೀಯೇನಮ್ಮ ಅಂತ ಅಧ್ಯಕ್ಷರು ಕೇಳಿದರು. ಹೂಂ ಅಂದಳು.

ತಿಂಗಳ ಕೊನೆಗೆ ಕಳಿಸುವುದು, ಅದಕ್ಕೆ ಮೊದಲು ಒಬ್ಬರು ಹೋಗಿ ಮನೆ ನೋಡಿಕೊಂಡು ಬರುವುದು ಅಂತ ತೀರ್ಮಾನವಾಯಿತು. ಅವಳ ಊರು ಹಂದನಕೆರೆ ಕಡೆ, ನನ್ನ ತವರೂ ಅದೇ ದಿಕ್ಕು. ಹಾಗಾಗಿ ನಾನೇ ಹೋಗುತ್ತೇನೆ ಅಂದೆ.

ಹೊರಡುವ ಬೆಳಿಗ್ಗೆ ಹುಡುಗಿ ಗೇಟಿನ ತನಕ ಬಂದಳು. ತಾನಾಗಿ ಮಾತಾಡಿಸಿದ್ದು ಅದೇ ಮೊದಲು.

"ಅಮ್ಮ, ನಮ್ಮನೆ ಅಟ್ಟದ್ ಮ್ಯಾಲೆ ಕಾಯಿ ಹಾಕವ್ರಾ ಒಸಿ ನೋಡ್ಕಂಡ್ ಬನ್ನಿ."

ನನಗೆ ಎಷ್ಟು ಖುಷಿಯಾಯಿತೆಂದರೆ! ಮನೆ ಮೇಲೆ ಮನಸ್ಸು ಬಂದಿದೆ, ತೋಟ, ಬೆಳೆ ಅಂತ ವಿಚಾರಿಸುತ್ತಿದ್ದಾಳೆ ಅಂದುಕೊಂಡೆ. ನೋಡ್ಕೊಂಡು ಬರ್ತೀನಿ, ಎಷ್ಟು ಕಾಯಿ ಅಂತ ಎಣಿಸ್ಕೊಂಡೇ ಬರ್ತೀನಿ ಕಣೇ ಅಂತ ಕೆನ್ನೆ ತಟ್ಟಿ ಬಸ್ಸಿಗೆ ಹೋದೆ.

ಮನೆ ಚೆನ್ನಾಗಿತ್ತು. ಸಾರಿಸಿದ ಅಂಗಳ, ಹಳೇ ಹೆಂಚಿನ ಮನೆ, ಕೊಟ್ಟಿಗೆಯಲ್ಲಿ ಎರಡು ಹಸು. ತೋಟದ ಅಂಚಿನಲ್ಲಿ ಹೊಸದಾಗಿ ಶೀಟ್ ಹೊದಿಸಿದ ಒಂದು ಶೆಡ್ಡು, ಅದರ ತುಂಬ ಕಾಯಿ. ಅಪ್ಪ ತೋಟಕ್ಕೆ ನೀರು ಬಿಡಲು ಹೋಗಿದ್ದ. ಅವಳ ಅಮ್ಮ ನನ್ನನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಮೊದಲು ಮೇಡಮ್ಮ ಮೇಡಮ್ಮ ಅನ್ನುತ್ತಿದ್ದವಳು, ನನ್ನ ತವರೂರು ಕೇಳಿದ ಮೇಲೆ ಅಕ್ಕಯ್ಯ ಅನ್ನಲು ಶುರು ಮಾಡಿದಳು. ಬಿಸಿ ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡ ಚಿಕ್ಕ ಮಗಳು ಕಾಫಿ ತಂದುಕೊಟ್ಟಳು. ಎಂಟನೇ ಕ್ಲಾಸಂತೆ. ಅಕ್ಕ ಹೆಂಗವ್ಳೆ ಅಂತ ಮೆಲ್ಲಗೆ ಕೇಳಿದಳು. ಚೆನ್ನಾಗಿದ್ದಾಳೆ ಕಣಮ್ಮ ಅಂದೆ. "ಇವ್ಳು ಸದ್ಯಕ್ಕೆ ಮಾತು ಕೇಳ್ತಾಳೆ" ಅಂತ ಅಮ್ಮ ಅವಳ ತಲೆ ಸವರಿದಳು.

ಮನೆ ನೋಡಲು ಹೋದವರು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಅದರಲ್ಲಿ ಒಂದು, ಹುಡುಗಿ ಬಂದರೆ ಎಲ್ಲಿ ಮಲಗುತ್ತಾಳೆ ಅನ್ನುವುದು.

"ಅಟ್ಟದ್ ಮ್ಯಾಲೆ" ಅಂದಳು ಅಮ್ಮ.

ನಾನು ನಕ್ಕೆ. "ಅದು ಸರಿ ಕಣಮ್ಮ, ಗೊತ್ತಾಯ್ತು. ಮಲಗೋದು ಎಲ್ಲಿ?"

"ಅಲ್ಲೇ ಅಕ್ಕಯ್ಯ. ಬನ್ನಿ, ತೋರಿಸ್ತೀನಿ."

ಹಿತ್ತಲಿಗೆ ಹೋಗಿ ಏಣಿ ಹೊತ್ತುಕೊಂಡು ಬಂದಳು. ನಡುಮನೆಯ ಮೇಲೆ ಅಟ್ಟದ ಕಂಡಿ, ಒಬ್ಬರು ನುಗ್ಗುವಷ್ಟು ಅಗಲ. ಏಣಿ ಆನಿಸಿ, ತಾನು ಮೊದಲು ಹತ್ತಿ, ಮೇಲಿನಿಂದ ನನಗೆ ಕೈ ಕೊಟ್ಟಳು. ಈ ವಯಸ್ಸಿನಲ್ಲಿ ನನ್ನ ಮಂಡಿಗೆ ಅದು ಬೇಕಿರಲಿಲ್ಲ, ಆದರೂ ಹುಡುಗಿಗೆ ಕಾಯಿ ನೋಡಿಕೊಂಡು ಬರ್ತೀನಿ ಅಂದಿದ್ದೆನಲ್ಲ ಅಂತ ಹತ್ತಿದೆ.

ಮೇಲೆ ಒಂದು ಕಾಯಿಯೂ ಇರಲಿಲ್ಲ. ಸುಗ್ಗಿಯ ಕಾಲ, ಊರಿನ ಎಲ್ಲ ಅಟ್ಟವೂ ತುಂಬಿ ತುಳುಕುವ ಕಾಲ. ಇಲ್ಲಿ ಗುಡಿಸಿ, ಸಾರಿಸಿದ ಹಾಗೆ ಚೊಕ್ಕಟ ಮಾಡಿದ್ದರು. ದಬ್ಬೆಯ ಮೇಲೆ ಒಂದು ಹೊಸ ಚಾಪೆ, ಮಡಿಸಿದ ಕಂಬಳಿ, ದಿಂಬು. ಮೂಲೆಯಲ್ಲಿ ನೀರಿನ ಬಿಂದಿಗೆ, ಇನ್ನೊಂದು ಮೂಲೆಯಲ್ಲಿ ಮುಚ್ಚಳ ಇರುವ ಪ್ಲಾಸ್ಟಿಕ್ ಬಕೆಟ್ಟು. ಸೂರು ಇಳಿಜಾರು, ನೆಟ್ಟಗೆ ನಿಲ್ಲಲು ಆಗುವುದು ನಡುವೆ ಮಾತ್ರ. ಒಂದೇ ಒಂದು ಗಾಜಿನ ಹೆಂಚು, ಅದರಿಂದ ಚಾಪೆಯ ಮೇಲೆ ಅಂಗೈಯಷ್ಟು ಬಿಸಿಲು. ಮೇಲೆ ತೊಲೆಗೆ ಒಂದು ಸಣ್ಣ ಫ್ಯಾನು.

"ಹೋದ್ಸಲ ಸೆಕೆ ಸೆಕೆ ಅಂತಿದ್ಲು. ಈ ಸಲ ಫ್ಯಾನ್ ಹಾಕ್ಸಿದೀವಿ" ಅಂದಳು ಅಮ್ಮ. ಸ್ವಿಚ್ಚು ಒತ್ತಿ ತಿರುಗಿಸಿಯೂ ತೋರಿಸಿದಳು.

ನಾನು ಆ ತಿರುಗುವ ಫ್ಯಾನು ನೋಡುತ್ತಾ ನಿಂತೆ. ತಲೆಗೆ ಏನೂ ಹೋಗುತ್ತಿಲ್ಲ. ಕಣ್ಣಿಗೆ ಕಾಣುತ್ತಿದೆ, ಕಿವಿಗೆ ಕೇಳುತ್ತಿದೆ, ಆದರೆ ಒಂದಕ್ಕೊಂದು ಸೇರುತ್ತಿಲ್ಲ. ಬಕೆಟ್ಟು ಯಾಕೆ ಅಂತ ಕೇಳಿದೆ.

"ಮತ್ತೆ, ಕೆಳೀಕ್ ಇಳಿಯಂಗಿಲ್ವಲ್ಲ ಅಕ್ಕಯ್ಯ. ಬೆಳಿಗ್ಗೆ ನಾನೇ ಇಳಿಸ್ಕಂಡು ತೊಳೀತಿದ್ದೆ. ಒಂದಿನಾನೂ ಬೇಜಾರು ಮಾಡ್ಕಂಡಿಲ್ಲ. ಮುದ್ದೆ ಬಿಸಿಬಿಸೀದೇ ಮ್ಯಾಕ್ ಕೊಡ್ತಿದ್ದೆ. ಹಬ್ಬಕ್ಕೆ ಒಬ್ಬಟ್ಟೂ ಕೊಟ್ಟಿದೀನಿ."

"ಎಷ್ಟು ದಿನ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ನಮ್ಮ ಕಡೆಯವಳಾಗಿ ಇದನ್ನೂ ಕೇಳುತ್ತಾಳಲ್ಲ ಅನ್ನುವ ಹಾಗೆ. "ಕಾಯಿ ಹಾಕಿದ್ರೆ ಎಷ್ಟು ದಿನ ಬಿಡ್ತೀವಿ? ಅಷ್ಟೇಯ. ಇನ್ನೊಸಿ ದಿನ ಇದ್ದಿದ್ರೆ ಪೂರ್ತಿ ಆಗೋದು. ನಂಗೆ ಜ್ವರ ಬಂದು ಮಲೀಕಂಡೆ, ಏಣಿ ತೆಗೆಯೋದು ಮರ್ತೋಯ್ತು. ನಂದೇ ತಪ್ಪು."

ಬೀಗ ಇಲ್ಲ, ಚಿಲಕ ಇಲ್ಲ, ಸರಪಳಿ ಇಲ್ಲ. ಏಣಿ ತೆಗೆದರೆ ಆಯಿತು. ಒಂದು ವರ್ಷ ಆ ಮಗು ಈ ದಬ್ಬೆಯ ಸಂದಿನಿಂದ ಕೆಳಗೆ ಅಪ್ಪ ಉಣ್ಣುವುದು, ತಂಗಿ ಓದುವುದು, ನೆಂಟರು ಬಂದು ಕಾಫಿ ಕುಡಿಯುವುದು ಎಲ್ಲವನ್ನೂ ನೋಡಿಕೊಂಡು ಕೂತಿತ್ತು. ತೊಲೆ ಹಿಡಿದುಕೊಂಡೆ.

"ಊರಲ್ಲಿ ಯಾರೂ ಕೇಳಲಿಲ್ವಾ?" ಅಂದೆ.

"ಕೇಳ್ದೆ ಇರ್ತಾರಾ? ಹುಡುಗಿ ಕಾಣಲ್ವಲ್ಲ ಅಂತ ಎಲ್ರೂ ಕೇಳೋರು. ಅಟ್ಟಕ್ಕೆ ಹಾಕಿದೀವಿ ಅಂತಿದ್ವಿ. ಒಳ್ಳೇದಾಯ್ತು ಬುಡು ಅಂತಿದ್ರು, ನಕ್ಕಂಡು ಹೋಗೋರು. ನಾವೇನು ಮುಚ್ಚಿಟ್ಟಿಲ್ಲ ಅಕ್ಕಯ್ಯ."

ಆಗ ನನಗೆ ಬಾಯಿ ಬಂತು. ಅದು ಯಾವಾಗಲೂ ಹೀಗೆಯೇ, ಬೇಕಾದಾಗ ಬರುವುದಿಲ್ಲ, ಬಂದರೆ ನಿಲ್ಲುವುದಿಲ್ಲ. "ಮನುಷ್ಯರೇನೇ ನೀವು? ಹೆತ್ತ ಮಗಳು ಕಣೇ ಅದು. ನಾಯಿಯೇನೇ ಅದು?" ಅಂತ ಕಿರುಚಿದೆ. ಕೆಳಗೆ ಚಿಕ್ಕ ಹುಡುಗಿ ಲೋಟ ತೊಳೆಯುತ್ತಿದ್ದ ಸದ್ದು ನಿಂತುಹೋಯಿತು.

ಅವಳ ಅಮ್ಮನಿಗೆ ಸಿಟ್ಟು ಬರಲಿಲ್ಲ. ನೋವಾಯಿತು. ಕಣ್ಣಲ್ಲಿ ನೀರು ತುಂಬಿತು. "ನಾಯೀನ ಕಟ್ಟಾಕ್ತಾರೆ ಅಕ್ಕಯ್ಯ. ನಾವು ಮಗಳ್ನ ಯಾವತ್ತೂ ಕಟ್ಟಾಕಿಲ್ಲ. ಕಾಯೆಲ್ಲ ಶೆಡ್ಡಿಗೆ ಸಾಗಿಸಿ, ಅವಳಿಗೇ ಅಂತ ಇಷ್ಟು ಜಾಗ ಬುಟ್ಟಿದೀವಿ" ಅಂದಳು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ನನ್ನನ್ನು ಇವತ್ತಿಗೂ ನಡುಗಿಸುವುದು ಅದೇ. ಕೆಟ್ಟವರನ್ನು ನಾನು ನೋಡಿದ್ದೇನೆ, ಅವರ ಮುಖ ನೋಡಿದರೇ ಗೊತ್ತಾಗುತ್ತದೆ, ಕಣ್ಣು ತಪ್ಪಿಸುತ್ತಾರೆ. ಇವಳು ಕಣ್ಣಿಗೆ ಕಣ್ಣಿಟ್ಟು, ಮಗಳಿಗೆ ಮಾಡಿದ ಉಪಚಾರವನ್ನೆಲ್ಲ ಹೇಳುತ್ತಿದ್ದಳು.

ಹೇಗೆ ಇಳಿದೆನೋ, ಬಸ್ಸು ಹೇಗೆ ಹತ್ತಿದೆನೋ ಸರಿಯಾಗಿ ನೆನಪಿಲ್ಲ. ಕಿಟಕಿಯ ಆಚೆ ಒಂದಾದ ಮೇಲೊಂದು ತೋಟದ ಮನೆಗಳು ಹೋಗುತ್ತಿದ್ದವು, ಪ್ರತಿ ಮನೆಗೂ ಒಂದು ಅಟ್ಟ. ಆ ಸೂರುಗಳ ಕಡೆ ನೋಡಲಾಗದೆ ಮುಂದಿನ ಸೀಟಿನ ಕಂಬಿಗೆ ಹಣೆ ಇಟ್ಟುಕೊಂಡೆ.

ಹುಡುಗಿ ಗೇಟಿನಲ್ಲೇ ಇದ್ದಳು. "ಕಾಯಿ ಹಾಕವ್ರಾ ಅಮ್ಮ?" ಅಂದಳು.

ಇಲ್ಲ ಅಂದೆ. ಅವಳು ತಲೆಯಾಡಿಸಿದಳು. ಪರೀಕ್ಷೆಯಲ್ಲಿ ಫೇಲಾಗಿದ್ದೀಯ ಅಂದರೆ ಮೊದಲೇ ಗೊತ್ತಿದ್ದವರು ತಲೆಯಾಡಿಸುತ್ತಾರಲ್ಲ, ಹಾಗೆ. "ಹೋದ್ಸಲಾನೂ ಹಂಗೇಯ. ಅಪ್ಪ ಕಾಯೆಲ್ಲ ಇಳಿಸಿ ಸಾಗಿಸ್ತಿತ್ತು. ಯಾಕೆ ಅಂತ ನಂಗೆ ಗೊತ್ತಾಗ್ಲಿಲ್ಲ. ನಾನೂ ಬುಟ್ಟಿಗೆ ತುಂಬಿ ಕೊಟ್ಟೆ."

ಅವಳನ್ನು ಎಳೆದು ಎದೆಗೆ ಅಪ್ಪಿಕೊಂಡೆ. ಅವಳು ಅಪ್ಪಿಕೊಳ್ಳಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಅತ್ತಿದ್ದು ನಾನೊಬ್ಬಳೇ.

ನೇರವಾಗಿ ಮೇಲ್ವಿಚಾರಕಿ ಮೇಡಂ ಹತ್ತಿರ ಹೋದೆ. ಮೇಡಂ, ಅವಳನ್ನ ಅಟ್ಟಕ್ಕೆ ಹಾಕಿದ್ರು ಅಂದೆ. ಅವರು ಪೆನ್ನು ಕೆಳಗಿಟ್ಟು, "ಗೊತ್ತಲ್ಲ, ಅವತ್ತೇ ಹೇಳಿದ್ರಲ್ಲ" ಅಂತ ನಕ್ಕರು. ಅಲ್ಲ ಮೇಡಂ, ಅಟ್ಟಕ್ಕೆ, ಅಟ್ಟದ ಮೇಲೆ ಹಾಕಿದ್ರು ಅಂದೆ. ಹೂಂ ಕಣ್ರೀ, ಬುದ್ಧಿ ಬರ್ಲಿ ಅಂತ ಅಂದರು. ಮೇಜು ಗುದ್ದಿದೆ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ, ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಹಾಸ್ಯವಾಗಿಬಿಡುತ್ತಿದೆ. ಊರಿಗೆ ಊರೇ ಯಾಕೆ ನಕ್ಕಿತು ಅಂತ ನನಗೆ ಆಗ ತಿಳಿಯಿತು. ಕೊನೆಗೆ ಆ ಮಾತನ್ನೇ ಬಿಟ್ಟೆ. ಕೂಡಿಹಾಕಿದ್ರು ಮೇಡಂ. ಏಣಿ ತೆಗೆದು ಮೇಲೆ ಕೂಡಿಹಾಕಿದ್ರು. ಒಂದು ವರ್ಷ. ಬಕೆಟ್ಟಲ್ಲಿ ಹೇಲು ಉಚ್ಚೆ ಮಾಡಿಸಿದ್ರು ಅಂದೆ.

ಮೇಡಂ ಮುಖದ ಮೇಲಿನ ನಗು ಹಾಗೇ ಉಳಿದಿತ್ತು, ತೆಗೆಯುವುದನ್ನು ಮರೆತವರ ಹಾಗೆ. ಆಮೇಲೆ ಫೋನಿಗೆ ಕೈ ಹಾಕಿದರು.

ಸಮಿತಿ ಮತ್ತೆ ಕೂತಿತು. ಹುಡುಗಿಯನ್ನು ಗೋಡೆ ಪಕ್ಕ ಕೂರಿಸಿ, ಅಪ್ಪನನ್ನು ಕರೆಸಿದರು. ಅದೇ ಬಿಳಿ ಅಂಗಿ, ಅದೇ ಟವೆಲ್ಲು, ಕೈಯಲ್ಲಿ ಎಳನೀರಿನ ಗೊನೆ. ಮಗಳನ್ನು ಕರೆದುಕೊಂಡು ಹೋಗಲು ಬಂದವನು. ನಾನು ಕಂಡದ್ದನ್ನೆಲ್ಲ ಹೇಳಿದೆ, ಆ ಮಾತೊಂದನ್ನು ಬಿಟ್ಟು. ಒಂದು ವರ್ಷ ಮಗಳನ್ನು ಕೂಡಿಹಾಕಿದ್ದು ನಿಜವೇ ಅಂತ ವಕೀಲೆ ಕೇಳಿದರು.

ಅವನಿಗೆ ಆಘಾತವಾಯಿತು. ನಟನೆಯಲ್ಲ, ನನಗೆ ನಟನೆ ಗೊತ್ತಾಗುತ್ತದೆ. "ಕೂಡಾಕೋದಾ? ಯಾರ್ ಹೇಳಿದ್ರು ಮೇಡಂ? ನಾವೇನು ಕಟುಕ್ರಾ?" ಅಂದ. ಆಮೇಲೆ ಅಧ್ಯಕ್ಷರ ಕಡೆ ತಿರುಗಿದ. "ಅಟ್ಟಕ್ಕೆ ಹಾಕಿದ್ವಿ ಅಷ್ಟೇಯ. ಅವತ್ತೇ ಹೇಳಿದ್ನಲ್ಲ ಸಾ ನಿಮ್ಗೆ. ಬೇಗ ಇಳಿಸ್ಬಿಟ್ಟಿದೀಯ ಅಂದಿದ್ದು ನೀವೇ ಅಲ್ವಾ."

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹೇಳಿದ್ದು ತಮಾಷೆ ಅಂತ ನಮಗೆಲ್ಲ ಗೊತ್ತು. ಅವನು ಅದನ್ನು ಮನೆಗೆ ಹೊತ್ತುಕೊಂಡು ಹೋಗಿ, ಅಟ್ಟ ಗುಡಿಸಿ, ಹೊಸ ಚಾಪೆ ಹಾಸಿ, ಫ್ಯಾನು ಕೂರಿಸಿದ್ದ. ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅಧ್ಯಕ್ಷರು ಹುಡುಗಿಯ ಕಡೆ ತಿರುಗಿ ಕೇಳಿದರು. "ಯಾಕಮ್ಮ, ಅವತ್ತು ನೀನು ನಮಗೆ ಯಾಕೆ ಹೇಳಲಿಲ್ಲ?"

"ಅಪ್ಪ ಹೇಳ್ತಲ್ಲ ಸಾ" ಅಂದಳು. ದೂರಿನ ದನಿಯಲ್ಲ, ಕೇಳಿದ್ದಕ್ಕೆ ಉತ್ತರ.

ಹುಡುಗಿಯನ್ನು ಜಗುಲಿಗೆ ಕಳಿಸಿದ ಮೇಲೆ, ಅವಳನ್ನು ಮನೆಗೆ ಕಳಿಸುವುದಿಲ್ಲ, ಹದಿನೆಂಟು ತುಂಬುವ ತನಕ ನಮ್ಮಲ್ಲೇ ಇರಬೇಕು, ಕಾಲೇಜಿಗೆ ಇಲ್ಲಿಂದಲೇ ಹೋಗಬೇಕು ಅಂತ ಬರೆದರು. ಅಪ್ಪನ ಮೇಲೆ ಪೊಲೀಸರಿಗೆ ದೂರು ಕೊಡುವುದಾಗಿಯೂ ಹೇಳಿದರು. ಅವನು ಕೈಮುಗಿದು ಹೊರಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು, ಬಸ್ಸಿನ ದಾರಿ ಹಿಡಿದ. ಎಳನೀರು ಬಾಗಿಲ ಹತ್ತಿರವೇ ಬಿದ್ದಿತ್ತು.

ಅಬ್ಬಾ, ಗೆದ್ದೆವು ಅನ್ನಿಸಿತು ನನಗೆ. ಜಗುಲಿಯಲ್ಲಿ ನಿಂತಿದ್ದ ಹುಡುಗಿಯ ಹತ್ತಿರ ಓಡಿದೆ. ನೀನು ಹೋಗಬೇಕಾಗಿಲ್ಲ ಕಣೇ, ಇಲ್ಲೇ ಇರ್ತೀಯ, ಇನ್ನು ಯಾರೂ ನಿನ್ನನ್ನು ಮುಟ್ಟಲ್ಲ ಅಂದೆ. ಅವಳ ಮುಖ ಅರಳುತ್ತದೆ ಅಂತ ಕಾದೆ. ಅವಳು ನನ್ನ ಸೆರಗನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನೀರು ಕಂಡೆ.

"ಹಂಗ್ ಮಾಡ್ಬೇಡಿ ಅಮ್ಮ, ನಾನೇ ಹೋಯ್ತೀನಿ" ಅಂದಳು. "ಅಟ್ಟ ಖಾಲಿ ಅದೆ. ಮನೇಲಿ ತಂಗಿ ಅವ್ಳೆ."

ಸಮಿತಿಯವರ ಕಾರು ಅಷ್ಟರಲ್ಲಿ ಗೇಟು ದಾಟುತ್ತಿತ್ತು. ಚಪ್ಪಲಿ ಇಲ್ಲದೆ ಓಡಿ ಅದರ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತೆ. ಡ್ರೈವರ್ ಬ್ರೇಕು ಹಾಕಿ ಬೈದ. ಅಧ್ಯಕ್ಷರು ಕಿಟಕಿ ಇಳಿಸಿದರು. ಮನೆಯಲ್ಲಿ ಇನ್ನೊಬ್ಬಳಿದ್ದಾಳೆ ಸಾರ್, ಚಿಕ್ಕವಳು ಅಂದೆ. ಅವರು ಹಿಂದಿನ ಬಾಗಿಲು ತೆಗೆದು, ಹತ್ತಿ ಅಂದರು.